ಡಾಜರ್ಸ್: ಅಕ್ಟೋಬರ್ ಬಂದೇ ಬಿಟ್ಟಿತು, ನಾಲ್ಕನೇ ಪಂದ್ಯದಲ್ಲಿ ಚೆಂಡು ಯಾರ ಕೈಗೆ?

ನೀಲಿಟೋಪಿ · 27 ಸೆಪ್ಟೆಂಬರ್ 2024, ಶುಕ್ರವಾರ

ನಿನ್ನೆ ರಾತ್ರಿ ಡಾಜರ್ ಸ್ಟೇಡಿಯಂನಲ್ಲೇ ಇದ್ದೆ. ಮನೆ ಸೇರಿದಾಗ ಹೊತ್ತು ಮೀರಿತ್ತು, ಆದರೂ ನಿದ್ದೆ ಹತ್ತಲಿಲ್ಲ. ನಮ್ಮ ಬೇಸ್‌ಬಾಲ್ ತಂಡ ಲಾಸ್ ಏಂಜಲಿಸ್ ಡಾಜರ್ಸ್, ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ಮೇಲೆ 7-2ರಿಂದ ಗೆದ್ದಿತು, ನ್ಯಾಷನಲ್ ಲೀಗ್ ವೆಸ್ಟ್ ವಿಭಾಗದ ಪ್ರಶಸ್ತಿ 12 ವರ್ಷದಲ್ಲಿ 11ನೇ ಸಲ ನಮ್ಮದಾಯಿತು. ಸುತ್ತ ಎಲ್ಲರೂ ಕುಣಿಯುತ್ತಿದ್ದರು. ನನ್ನ ಮನಸ್ಸು ಮಾತ್ರ ಏಳನೇ ಇನ್ನಿಂಗ್ಸ್ ಬಿಟ್ಟು ಮುಂದೆ ಹೋಗಲೇ ಇಲ್ಲ. ಫ್ರೆಡ್ಡಿ ಫ್ರೀಮನ್ ಮೊದಲ ಬೇಸ್ ಕಡೆ ಓಡುತ್ತಿದ್ದ, ಅರಾಯೆಸ್ ಚೆಂಡು ಹಿಡಿದು ಮುಟ್ಟಲು ಬಂದ, ತಪ್ಪಿಸಿಕೊಳ್ಳಲು ಹೋಗಿ ಫ್ರೀಮನ್‌ನ ಬಲಗಾಲಿನ ಹಿಮ್ಮಡಿಗಂಟು ಹೊರಳಿತು. ನಾನು ಕೂತಿದ್ದ ಮೇಲಿನ ಡೆಕ್‌ನಿಂದ ಆಟಗಾರರು ಕಡ್ಡಿಪೆಟ್ಟಿಗೆಯಷ್ಟು ಕಾಣುತ್ತಾರೆ. ಆದರೂ ಅವನು ಎದ್ದು ಕಾಲೂರಿದ ರೀತಿ ನೋಡಿದಾಗ ಎದೆ ಧಸಕ್ಕೆಂದಿತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲವಂತೆ. ಉಳುಕು.

ಅದೊಂದೇ ಆಗಿದ್ದರೆ ಇಲ್ಲಿ ಬಂದು ಬರೆಯುತ್ತಿರಲಿಲ್ಲ. ನನ್ನನ್ನು ಕೊರೆಯುತ್ತಿರುವುದು ಪಿಚರ್‌ಗಳ, ಅಂದರೆ ಚೆಂಡೆಸೆಯುವವರ ವಿಷಯ. ಒಮ್ಮೆ ಹೆಸರು ಹೇಳಿಕೊಂಡು ಹೋಗಿ ನೋಡಿ. ಗ್ಲಾಸ್ನೋ ಈ ವರ್ಷ 134 ಇನ್ನಿಂಗ್ಸ್ ಎಸೆದ, ಅವನ ಜೀವನದಲ್ಲೇ ಅತಿ ಹೆಚ್ಚು, ಆಗಸ್ಟ್‌ನಲ್ಲಿ ಮೊಣಕೈ ಹೋಯಿತು, ಈ ಋತು ಮುಗಿದಂತೆಯೇ. ಯಾರೂ ಎಣಿಸದಿದ್ದ ಗ್ಯಾವಿನ್ ಸ್ಟೋನ್ 11 ಪಂದ್ಯ ಗೆದ್ದುಕೊಟ್ಟ, ಈಗ ಅವನ ಭುಜ. ಕರ್ಶಾಗೆ ಭುಜದ ಶಸ್ತ್ರಚಿಕಿತ್ಸೆ ಆಗಿ ಜುಲೈನಲ್ಲಿ ಬಂದ, ಆಗಸ್ಟ್ 30ರಂದು ಅರಿಜೋನಾದಲ್ಲಿ ಕಾಲಿನ ಹೆಬ್ಬೆರಳು ಹಿಡಿದು ಹೊರಗೆ ನಡೆದ. ಗೊನ್ಸೋಲಿನ್, ಶೀಹನ್, ರಿವರ್ ರಯಾನ್ ಮೂವರಿಗೂ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಮೊಣಕೈಯ ಹರಿದ ಲಿಗಮೆಂಟ್ ಬದಲಿಸುವುದು). ಡಸ್ಟಿನ್ ಮೇ ಮೊಣಕೈಯಿಂದ ಚೇತರಿಸಿಕೊಳ್ಳುತ್ತಿದ್ದವನು, ಅನ್ನನಾಳ ಹರಿದು ಅದಕ್ಕೂ ಶಸ್ತ್ರಚಿಕಿತ್ಸೆ. ಒಟಾನಿ ಮೊಣಕೈ ಆಪರೇಷನ್ ಆದ ಕಾರಣ ಇಡೀ ವರ್ಷ ಬ್ಯಾಟ್ ಮಾತ್ರ ಹಿಡಿದ. ಇಷ್ಟು ಜನರನ್ನು ಒಂದೆಡೆ ನಿಲ್ಲಿಸಿದರೆ ಲೀಗ್‌ನ ಒಳ್ಳೆಯ ಪಿಚಿಂಗ್ ಪಡೆ ಅದೇ. ಅವರಲ್ಲಿ ಒಬ್ಬನೂ ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಚೆಂಡೆಸೆಯಲು ಇಲ್ಲ.

ಉಳಿದವರು ಯಮಮೊಟೊ, ಫ್ಲಾಹರ್ಟಿ, ಬ್ಯೂಲರ್. ನಮ್ಮ ಮೊದಲ ಸರಣಿ ಐದು ಪಂದ್ಯದ್ದು, ಮೂವರು ಮೂರು ಪಂದ್ಯ ಎಸೆದರು ಅನ್ನಿ. ಆಮೇಲೆ?

ಹುಬ್ಬಳ್ಳಿ_ಎಕ್ಸ್‌ಪ್ರೆಸ್ · 27 ಸೆಪ್ಟೆಂಬರ್

ಅಣ್ಣಾ, ಹಿಂಗ ಯಾಕ ಅಂಜತೀರಿ? ಗಾಬಾ ನೆನಪೈತಿಲ್ಲೋ? 2021ರ ಜನವರಿ. ಬುಮ್ರಾ ಇಲ್ಲ, ಶಮಿ ಇಲ್ಲ, ಉಮೇಶ್ ಇಲ್ಲ, ಅಶ್ವಿನ್ ಇಲ್ಲ, ಜಡೇಜಾ ಇಲ್ಲ. ಸಿರಾಜ್, ನಟರಾಜನ್, ಶಾರ್ದೂಲ್, ಸೈನಿ, ವಾಷಿಂಗ್ಟನ್ ಸುಂದರ್ ಹೋಗಿ ಬೌಲಿಂಗ್ ಮಾಡಿದ್ರು. 328 ಬೆನ್ನಟ್ಟಿ ಗೆದ್ವಿ. ಹೆಸರಿಲ್ಲದವ್ರು ಬಂದು ಹೆಸರು ಮಾಡೂದು ಆಟದಾಗ ಹೊಸದೇನಲ್ಲ. ನಿಮ್ಮ ಕಡೆ ಒಟಾನಿ ಅದಾನ, ಬೆಟ್ಸ್ ಅದಾನ. ಮೊನ್ನೆ ಮಯಾಮಿಯಾಗ ಒಂದ ಪಂದ್ಯದಾಗ ಮೂರು ಹೋಮ್ ರನ್ ಹೊಡದು 50-50 (ಒಂದ ವರ್ಷದಾಗ 50 ಹೋಮ್ ರನ್, 50 ಬೇಸ್ ಕದಿಯೂದು) ದಾಟಿದ ಮನಷ್ಯಾ ಅಂವ.

ನೀಲಿಟೋಪಿ · 27 ಸೆಪ್ಟೆಂಬರ್

ಗಾಬಾ ಮರೆಯೋದುಂಟಾ! ಆದರೆ ಒಂದು ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್‌ಗೆ ಹೊಡೆತ ಬಿದ್ದರೆ ಆರು ಚೆಂಡಿಗೆ ಓವರ್ ಮುಗಿಯುತ್ತೆ, ನಾಯಕ ಇನ್ನೊಬ್ಬನನ್ನು ತರುತ್ತಾನೆ, ಮಧ್ಯಾಹ್ನ ಅವನೇ ಮತ್ತೆ ಬಂದು ಸರಿಪಡಿಸಿಕೊಳ್ಳಬಹುದು. ಬೇಸ್‌ಬಾಲ್‌ನಲ್ಲಿ ಹೊರಗೆ ಕಳಿಸಿದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಸ್ಟಾರ್ಟರ್, ಅಂದರೆ ಪಂದ್ಯ ಶುರು ಮಾಡುವ ಪಿಚರ್, ಬೇಗ ಕುಸಿದರೆ ಉಳಿದ ಇನ್ನಿಂಗ್ಸ್ ಎಲ್ಲ ಬೇರೆಯವರ ತೋಳಿನ ಮೇಲೆ ಬೀಳುತ್ತೆ, ಅದರ ಸಾಲ ಮರುದಿನದ ಪಂದ್ಯದಲ್ಲಿ ತೀರಿಸಬೇಕು.

ಕಳೆದ ವರ್ಷ ಆಗಿದ್ದೂ ಅದೇ. 100 ಪಂದ್ಯ ಗೆದ್ದು ಅರಿಜೋನಾ ಎದುರು ಮೂರಕ್ಕೆ ಮೂರೂ ಸೋತೆವು. ಮೊದಲ ಪಂದ್ಯದಲ್ಲಿ ಕರ್ಶಾ ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಆರು ರನ್ ಹೋಗಿತ್ತು. ಮೂರನೇ ಪಂದ್ಯದಲ್ಲಿ ಲಾನ್ಸ್ ಲಿನ್ ಒಂದೇ ಇನ್ನಿಂಗ್ಸ್‌ನಲ್ಲಿ ನಾಲ್ಕು ಹೋಮ್ ರನ್ ಕೊಟ್ಟ. ಮೂರೂ ಸ್ಟಾರ್ಟರ್‌ಗಳು ಸೇರಿ ಎಸೆದದ್ದು ಐದು ಇನ್ನಿಂಗ್ಸ್ ಕೂಡ ಇಲ್ಲ! ಅದರ ಹಿಂದಿನ ವರ್ಷ 111 ಗೆಲುವು, ಪ್ಯಾಡ್ರೆಸ್ ಎದುರು 3-1ರಿಂದ ಮನೆಗೆ. ಎರಡು ವರ್ಷ ಸತತವಾಗಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬ್ಯಾಟಿಂಗ್ ಬಗ್ಗೆ ನನಗೆ ಅಂಥ ಚಿಂತೆ ಇಲ್ಲ. ಒಂಬತ್ತು ಇನ್ನಿಂಗ್ಸ್‌ನ 27 ಔಟ್ ಯಾರು ತಂದುಕೊಡುತ್ತಾರೆ ಅನ್ನೋದೇ ಚಿಂತೆ.

ಶುಭಾ_ಫಿಸಿಯೊ · 27 ಸೆಪ್ಟೆಂಬರ್

ಫ್ರೀಮನ್ ಕಾಲಿನ ಬಗ್ಗೆ ಒಂದು ಮಾತು. ಕ್ರೀಡಾಪಟುಗಳ ಉಳುಕು ದಿನಾ ನೋಡುವವಳಾಗಿ ಹೇಳ್ತಿದ್ದೀನಿ, ಅವನನ್ನು ನಾನು ಪರೀಕ್ಷೆ ಮಾಡಿದವಳಲ್ಲ.

ಅವನು ಎಡಗೈ ಬ್ಯಾಟರ್. ಅಂದರೆ ಪಿಚರ್ ಕಡೆಗೆ ಇರುವ ಮುಂಗಾಲು ಬಲಗಾಲು. ಬ್ಯಾಟ್ ಬೀಸುವಾಗ ಇಡೀ ಮೈಭಾರ ಆ ಕಾಲಿನ ಮೇಲೆ ಬಂದು ನಿಂತು ತಿರುಗುತ್ತೆ, ಹಿಮ್ಮಡಿಗಂಟಿನ ಹೊರಭಾಗದ ಲಿಗಮೆಂಟ್ ಮೇಲೆಯೇ ಒತ್ತಡ. ಫೀಲ್ಡಿಂಗ್‌ನಲ್ಲೂ ಅದೇ ಕಥೆ. ಗ್ಲೌಸ್ ಎಡಗೈಗೆ ಹಾಕುವ ಮೊದಲ ಬೇಸ್‌ಮನ್ ಬಲಗಾಲನ್ನು ಬೇಸ್ ಮೇಲೂರಿ ಎಡಗಾಲು ಚಾಚಿ ಚೆಂಡು ಹಿಡಿಯಬೇಕು. ಬಲಗಾಲನ್ನು ಉಳಿಸಿಕೊಂಡು ಆಡೋಣ ಅಂದರೆ ಅವನ ಆಟದಲ್ಲಿ ಅದಕ್ಕೆ ಜಾಗವೇ ಇಲ್ಲ.

ಸ್ವಲ್ಪ ಗಟ್ಟಿಯಾದ ಉಳುಕು ಅಂದರೆ ನಾಲ್ಕರಿಂದ ಆರು ವಾರ ಅಂತ ನಾವು ಸಾಮಾನ್ಯವಾಗಿ ಹೇಳ್ತೀವಿ. ಅವನಿಗೆ ಸಿಗೋದು ಒಂಬತ್ತು ದಿನ. ಟೇಪ್ ಬಿಗಿದು, ಊತ ಇಳಿಸಿ, ನೋವು ತಡೆದು ಆಡಬಹುದು. ಆದರೆ ಅದು ಗುಣವಾದ ಕಾಲಲ್ಲ, ಕಟ್ಟಿ ನಿಲ್ಲಿಸಿದ ಕಾಲು.

ಚಾವೆಜ್_ರವೀನ್_ಅಂಕಲ್ · 27 ಸೆಪ್ಟೆಂಬರ್

1988ರಲ್ಲಿ ನಾನು ಇಲ್ಲಿಗೆ ಹೊಸಬ, ಟಿವಿಯಲ್ಲಿ ನೋಡಿದ್ದೆ. ನಮ್ಮ ಕರ್ಕ್ ಗಿಬ್ಸನ್‌ಗೆ ಎರಡೂ ಕಾಲು ಇರಲಿಲ್ಲ ಅನ್ನಬಹುದು. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್, ಎದುರಿಗೆ ಎಕರ್ಸ್‌ಲಿ. ಕುಂಟುತ್ತಾ ಬಂದು ಹೋಮ್ ರನ್ ಹೊಡೆದು ಗೆಲ್ಲಿಸಿದ. ಇಡೀ ಸರಣಿಯಲ್ಲಿ ಅವನು ಬ್ಯಾಟ್ ಹಿಡಿದದ್ದು ಅದೊಂದೇ ಸಲ. ಫ್ರೀಮನ್ ಒಂದೇ ಕಾಲಲ್ಲಿದ್ದರೂ ಪಟ್ಟಿಯಲ್ಲಿ ಇರಲಿ ಅನ್ನೋನು ನಾನು.

ನೀಲಿಟೋಪಿ · 28 ಸೆಪ್ಟೆಂಬರ್

ಅಂಕಲ್, ನನ್ನ ಮನಸ್ಸೂ ಅದನ್ನೇ ಹೇಳುತ್ತೆ. ಆದರೆ ನಿಯಮ ಒಂದಿದೆ. ಸರಣಿಯ ಮಧ್ಯೆ ಗಾಯ ಅಂತ ಒಬ್ಬನನ್ನು ಬದಲಿಸಿದರೆ ಅವನು ಆ ಸರಣಿಗಷ್ಟೇ ಅಲ್ಲ, ಮುಂದಿನ ಸರಣಿಗೂ ಇಲ್ಲ. ಫ್ರೀಮನ್‌ನನ್ನು ಡಿವಿಷನ್ ಸೀರೀಸ್‌ಗೆ ಸೇರಿಸಿ, ಎರಡನೇ ಪಂದ್ಯದಲ್ಲಿ ಕಾಲು ಕೈಕೊಟ್ಟು ತೆಗೆದರೆ, ನಾವು ಗೆದ್ದರೂ ಲೀಗ್ ಫೈನಲ್‌ಗೆ ಅವನಿರೋದಿಲ್ಲ. ತೆಗೆಯದೆ ಇಟ್ಟುಕೊಂಡರೆ 26 ಜನರಲ್ಲಿ ಒಂದು ಜಾಗ ಖಾಲಿ.

ಆದರೂ ಇಡಬೇಕು ಅಂತಲೇ ನನ್ನ ತೀರ್ಮಾನ. ಈ ಮನುಷ್ಯ ಈ ವರ್ಷ ಪಟ್ಟಿದ್ದು ಸಾಮಾನ್ಯ ಕಷ್ಟವಲ್ಲ. ಜುಲೈ ಕೊನೆಯಲ್ಲಿ ಪುಟ್ಟ ಮಗ ಗಿಯಾನ್-ಬರೆ ಅನ್ನೋ ನರಗಳ ಕಾಯಿಲೆ ಬಂದು ಆಸ್ಪತ್ರೆ ಸೇರಿದ್ದ, ಅಪ್ಪ ತಂಡ ಬಿಟ್ಟು ಮಗನ ಪಕ್ಕ ಕೂತಿದ್ದ. ಆಗಸ್ಟ್ 5ಕ್ಕೆ ವಾಪಸ್ ಬಂದು ಬ್ಯಾಟಿಂಗ್‌ಗೆ ನಿಂತಾಗ ಇಡೀ ಸ್ಟೇಡಿಯಂ ಎದ್ದು ಚಪ್ಪಾಳೆ ತಟ್ಟಿತು, ಅವನು ಕಣ್ಣೊರೆಸಿಕೊಂಡ. ಅದೇ ತಿಂಗಳು ಬಲಗೈ ಮಧ್ಯದ ಬೆರಳು ಬಿರುಕು ಬಿಟ್ಟಿತು, ಅದರಲ್ಲೂ ಆಡಿದ. ಆಡಬೇಕೋ ಬೇಡವೋ ಅನ್ನೋ ಮಾತನ್ನು ಅವನಿಗೇ ಬಿಡಬೇಕು.

ಅವನಿಲ್ಲದಿದ್ದರೆ ಮಂಸಿ ಮೊದಲ ಬೇಸ್‌ಗೆ, ಕೀಕೆ ಹರ್ನಾಂಡೆಸ್ ಮೂರನೆಯದಕ್ಕೆ. ಶಾರ್ಟ್‌ಸ್ಟಾಪ್ ರೋಹಾಸ್‌ಗೂ ತೊಡೆಸಂದಿನ ನೋವು, ಅವನೂ ಕೂತರೆ ಎಡ್ಮನ್ ಒಳಗೆ ಬರಬೇಕು, ಆಗ ಸೆಂಟರ್ ಫೀಲ್ಡ್‌ಗೆ ಬೇರೆಯವರನ್ನು ಹುಡುಕಬೇಕು. ಒಂದು ಕಾಲು ಉಳುಕಿದ್ದಕ್ಕೆ ಮೂರು ಜಾಗ ಅಲುಗಾಡುತ್ತೆ. ಇದಕ್ಕಾದರೂ ದಾರಿ ಇದೆ, ಎಲ್ಲಿ ನಿಲ್ಲಿಸಿದರೂ ಆಡುವ ಹುಡುಗರಿದ್ದಾರೆ. ಪಿಚಿಂಗ್‌ಗೆ ಆ ದಾರಿಯೂ ಇಲ್ಲ. ಆಗಸ್ಟ್ 31ಕ್ಕೆ ಸಂಸ್ಥೆಯಲ್ಲಿ ಇಲ್ಲದಿದ್ದವನನ್ನು ಈಗ ತಂದು ಆಡಿಸುವಂತಿಲ್ಲ. ಇರುವವರಲ್ಲೇ ಸಂಸಾರ ತೂಗಿಸಬೇಕು.

ಸರಸ್ವತಿಪುರಂ · 28 ಸೆಪ್ಟೆಂಬರ್

ಮೈಸೂರಿನಿಂದ ಬರೀತಿದ್ದೀನಿ. ಮಗಳು ಲಾಸ್ ಏಂಜಲಿಸ್‌ನಲ್ಲಿರೋದರಿಂದ ಮೂರು ವರ್ಷದಿಂದ ಈ ಆಟ ನೋಡ್ತಿದ್ದೀನಿ. ಯಮಮೊಟೊಗೆ ಜೂನ್‌ನಲ್ಲಿ ರೊಟೇಟರ್ ಕಫ್ (ಭುಜದ ಸ್ನಾಯು) ಗಾಯ ಅಂದಾಗ ನನಗೆ ತಟ್ಟನೆ ನೆನಪಾಗಿದ್ದು ನಮ್ಮ ಶ್ರೀನಾಥ್. 1997ರಲ್ಲಿ ಅದೇ ಜಾಗದ ಗಾಯ, ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಬಾರ್ಬಡೋಸ್‌ನಲ್ಲಿ 120 ಬೇಕಿತ್ತು, 81ಕ್ಕೆ ಆಲೌಟ್. ಸೋತಿದ್ದು ಬ್ಯಾಟಿಂಗ್‌ನಿಂದ, ಒಪ್ತೀನಿ. ಆದರೂ ಅವನಿದ್ದಿದ್ದರೆ ಬೆನ್ನಟ್ಟಬೇಕಾದ ಮೊತ್ತ ಇನ್ನೂ ಕಡಿಮೆ ಇರುತ್ತಿತ್ತೇನೋ ಅಂತ ಆಗ ನಮ್ಮ ಬೀದಿಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು.

ಆ ಶ್ರೀನಾಥ್‌ನೇ ಎರಡು ವರ್ಷದೊಳಗೆ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ 13 ವಿಕೆಟ್ ಕಿತ್ತ. ಭುಜ ಹೋದವನು ಮುಗಿದ ಅಂತ ಬರೆದುಬಿಡಬೇಡಿ.

ಶುಭಾ_ಫಿಸಿಯೊ · 28 ಸೆಪ್ಟೆಂಬರ್

ಸರ್, ತುಂಬಾ ಸರಿ. ಭುಜವಾಗಲಿ ಮೊಣಕೈಯಾಗಲಿ, ಸಮಯ ಕೊಟ್ಟರೆ ಬರುತ್ತೆ. ಅಕ್ಟೋಬರ್‌ನಲ್ಲಿ ಇಲ್ಲದಿರೋದು ಅದೊಂದೇ.

ಇನ್ನೊಂದು ವಿಷಯ. ಮೊನ್ನೆ ಸೆಪ್ಟೆಂಬರ್ 25ಕ್ಕೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಸರಿಯಾಗಿ 50 ವರ್ಷ ತುಂಬಿತು. 1974, ಇದೇ ಲಾಸ್ ಏಂಜಲಿಸ್, ಇದೇ ಡಾಜರ್ಸ್‌ನ ಪಿಚರ್, ಡಾ. ಫ್ರಾಂಕ್ ಜೋಬ್. ಮೊಣಕೈ ಒಳಬದಿಯ ಹರಿದ ಲಿಗಮೆಂಟ್ ಜಾಗಕ್ಕೆ ಇನ್ನೊಂದು ಕೈಯ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ತೂತು ಕೊರೆದು ಪೋಣಿಸಿದರು. ಆ ರಜ್ಜು ನಿಮ್ಮ ಕೈಯಲ್ಲೂ ಕಾಣಬಹುದು. ಹೆಬ್ಬೆರಳು, ಕಿರುಬೆರಳ ತುದಿ ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಸ್ವಲ್ಪ ಒಳಕ್ಕೆ ಬಗ್ಗಿಸಿ ನೋಡಿ. ನಟ್ಟನಡುವೆ ಹುರಿಯ ಹಾಗೆ ಎದ್ದು ನಿಲ್ಲುತ್ತಲ್ಲ, ಅದೇ. ಕೆಲವರಿಗೆ ಹುಟ್ಟಿನಿಂದಲೇ ಇರೋದಿಲ್ಲ, ಇಲ್ಲದಿದ್ದರೂ ಕೈಗೆ ಏನೂ ಕೊರತೆಯಿಲ್ಲ. ಟಾಮಿ ಜಾನ್ 1976ಕ್ಕೆ ಮರಳಿ ಬಂದು ಆಮೇಲೆ 164 ಪಂದ್ಯ ಗೆದ್ದ.

ಆದರೆ ಆಪರೇಷನ್ ಇದೆಯಲ್ಲ ಅನ್ನೋ ಧೈರ್ಯಕ್ಕೆ ಎಲ್ಲರೂ ಪ್ರತಿ ಚೆಂಡನ್ನೂ ಪೂರ್ತಿ ಬಲ ಹಾಕಿ ಎಸೀತಿದ್ದಾರೆ ಅಂತ ನನ್ನ ಭಾವನೆ. ಎಸೆಯುವಾಗ ಮೊಣಕೈ ಹೊರಕ್ಕೆ ಬಿಚ್ಚಿಕೊಳ್ಳೋ ಹಾಗೆ ಎಳೆತ ಬರುತ್ತೆ. ಆ ಎಳೆತವನ್ನು ಲಿಗಮೆಂಟ್ ಒಂದೇ ತಡೆಯಲಾರದು, ಮುಂಗೈ ಸ್ನಾಯುಗಳು ಪಾಲು ಹಂಚಿಕೊಳ್ಳುತ್ತವೆ. ಸ್ನಾಯು ದಣಿದರೆ ಭಾರವೆಲ್ಲ ಲಿಗಮೆಂಟ್ ಮೇಲೆ. ಸೆಪ್ಟೆಂಬರ್ ಹೊತ್ತಿಗೆ ದಣಿಯದ ಸ್ನಾಯು ಯಾರಿಗಿದೆ ಹೇಳಿ?

ಸೆರಿಟೋಸ್_ಅಪ್ಪ · 29 ಸೆಪ್ಟೆಂಬರ್

ಶುಭಾ ಮೇಡಂ, ನಿಮ್ಮ ಮಾತು ಓದಿ ಮನೆಯ ವಿಷಯ ಬರೀಬೇಕು ಅನ್ನಿಸಿತು. ನನ್ನ ಮಗನಿಗೆ ಹನ್ನೊಂದು ವರ್ಷ. ಲಿಟಲ್ ಲೀಗ್ ನಿಯಮದಲ್ಲಿ ಅವನ ವಯಸ್ಸಿಗೆ ದಿನಕ್ಕೆ 85 ಎಸೆತ, 66 ದಾಟಿದರೆ ನಾಲ್ಕು ದಿನ ವಿಶ್ರಾಂತಿ. ಅವನ ಕೋಚ್ ಅದನ್ನು ಪಾಲಿಸುತ್ತಾರೆ. ಆದರೆ ವಾರಾಂತ್ಯಕ್ಕೆ ಬೇರೊಂದು ಟ್ರಾವೆಲ್ ತಂಡ, ಅಲ್ಲಿ ಬೇರೆ ಕೋಚ್, ಇಲ್ಲಿನ ಲೆಕ್ಕ ಅಲ್ಲಿಗೆ ಹೋಗೋದಿಲ್ಲ. ಎರಡೂ ಕಡೆ ಹುಡುಗ ಅದೇ ಕೈಯಲ್ಲೇ ಎಸೀತಾನೆ.

ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಾಗ ಎಡಗೈಯಲ್ಲಿ ಅನ್ನ ಕಲಸೋಕೆ ಶುರು ಮಾಡಿದ. ನನ್ನ ಹೆಂಡತಿ ಗದರಿದಳು. "ಬಲಗೈ ಮಡಚಿದರೆ ನೋಯುತ್ತೆ ಅಮ್ಮಾ" ಅಂದ. ನಾನು ಅಷ್ಟು ದಿನ ಗಮನಿಸಿಯೇ ಇರಲಿಲ್ಲ. ವೈದ್ಯರು ಆರು ವಾರ ಚೆಂಡು ಮುಟ್ಟಬೇಡ ಅಂದಿದ್ದಾರೆ. ಈಗ ಮನೆಯಲ್ಲಿ ಎಸೆತದ ಲೆಕ್ಕಕ್ಕೆ ಒಂದೇ ನೋಟ್‌ಬುಕ್, ಎರಡೂ ಕೋಚ್‌ಗಳಿಗೆ ನಾನೇ ತೋರಿಸೋದು.

ನೀಲಿಟೋಪಿ · 29 ಸೆಪ್ಟೆಂಬರ್

ಹುಡುಗ ಬೇಗ ಗುಣವಾಗಲಿ ಸರ್. ಹೇಳಿಕೊಂಡನಲ್ಲ, ಅದು ದೊಡ್ಡದು. ನೋಟ್‌ಬುಕ್ ಬಿಡಬೇಡಿ.

ಇವತ್ತು ಲೀಗ್ ಹಂತ ಮುಗಿಯಿತು. 98 ಗೆಲುವು, ಎರಡೂ ಲೀಗ್ ಸೇರಿ ನಮ್ಮದೇ ಹೆಚ್ಚು. ಅಕ್ಟೋಬರ್ 5ರವರೆಗೆ ಬಿಡುವು. ಬಿಡುವು ಬಂದರೆ ಬ್ಯಾಟಿಂಗ್ ತುಕ್ಕು ಹಿಡಿಯುತ್ತೆ ಅಂತ ಎರಡು ವರ್ಷದಿಂದ ಗೋಳಾಡಿದವರಲ್ಲಿ ನಾನೂ ಒಬ್ಬ. ಈ ಸಲ ಫ್ರೀಮನ್ ಕಾಲಿಗೋಸ್ಕರ ಪ್ರತಿ ದಿನವೂ ಬೇಕು.

ಚುಲಾವಿಸ್ತಾ_ಚೇತನ್ · 2 ಅಕ್ಟೋಬರ್, ರಾತ್ರಿ

ನಾನು ಪ್ಯಾಡ್ರೆಸ್ ಕಡೆಯವನು, ಆದರೂ ಈ ಎಳೆ ಮೊದಲಿಂದ ಓದ್ತಿದ್ದೀನಿ. ಅಟ್ಲಾಂಟಾ ಬ್ರೇವ್ಸ್‌ನ ಎರಡೇ ಪಂದ್ಯದಲ್ಲಿ ಮುಗಿಸಿದೆವು, ಶನಿವಾರ ನಿಮ್ಮಲ್ಲಿಗೇ ಬರ್ತಿದ್ದೀವಿ. ಈ ವರ್ಷ ನಿಮ್ಮ ಮೇಲೆ 8-5 ನಾವು ಮುಂದೆ. ಸೆಪ್ಟೆಂಬರ್ 24ರಂದು ನಿಮ್ಮ ಅಂಗಳದಲ್ಲಿ ಟ್ರಿಪಲ್ ಪ್ಲೇಯಿಂದ (ಒಂದೇ ಹೊಡೆತಕ್ಕೆ ಮೂವರು ಔಟ್) ಪಂದ್ಯ ಮುಗಿಸಿ ಪ್ಲೇಆಫ್‌ಗೆ ಬಂದಾಗ ನಾನು ಮನೆಯಲ್ಲಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದ್ದರು.

ಆದರೆ ಇವತ್ತು ಗೆದ್ದ ಮೇಲೂ ಸಂತೋಷ ಪೂರ್ತಿ ಆಗಲಿಲ್ಲ. ಮಸ್‌ಗ್ರೋವ್ ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಮೊಣಕೈ ಹಿಡಿದು ಹೊರಗೆ ಹೋದ. ಸ್ಯಾನ್ ಡಿಯೇಗೊ ಹತ್ತಿರದ ಎಲ್ ಕಹೋನ್‌ನಲ್ಲಿ ಬೆಳೆದವನು, ನಮ್ಮೂರ ಹುಡುಗ. ಅವನು ಕೈ ಅಲ್ಲಾಡಿಸಿದ್ದು ನೋಡಿದ ಮೇಲೆ ನನಗೆ ಸ್ಕೋರೇ ಕಾಣಲಿಲ್ಲ.

ನೀಲಿಟೋಪಿ · 2 ಅಕ್ಟೋಬರ್

ಚೇತನ್, ಅವನ ಕೈ ನೆಟ್ಟಗಿರಲಿ. ಮೊಣಕೈ ವಿಷಯದಲ್ಲಿ ನಮ್ಮ ತಂಡ ನಿಮ್ಮ ತಂಡ ಅಂತ ಯೋಚಿಸೋಕೆ ನನಗಾಗಲ್ಲ.

ಬ್ರೇವ್ಸ್ ಕಥೆಯೂ ಹಾಗೇ. ಸ್ಟ್ರೈಡರ್ ಏಪ್ರಿಲ್‌ನಿಂದ ಇಲ್ಲ, ಅಕುನಾ ಮೇನಿಂದ ಇಲ್ಲ, ಇಡೀ ವರ್ಷ ಹೊತ್ತು ತಂದ ಕ್ರಿಸ್ ಸೇಲ್ ಕೊನೇ ದಿನ ಬೆನ್ನು ಹಿಡಿದುಕೊಂಡ. ಮಿಲ್ವಾಕಿಯಲ್ಲಿ ಯೆಲಿಚ್‌ಗೂ ಬೆನ್ನಿನ ಶಸ್ತ್ರಚಿಕಿತ್ಸೆ. ಪ್ಲೇಆಫ್‌ಗೆ ಬಂದ ತಂಡಗಳ ಗಾಯಾಳುಗಳನ್ನು ಸೇರಿಸಿದರೆ ಇನ್ನೊಂದು ಚಾಂಪಿಯನ್ ತಂಡ ಕಟ್ಟಬಹುದು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್ · 3 ಅಕ್ಟೋಬರ್

ಅದೆಲ್ಲಾ ಖರೆ. ಈಗ ಹೇಳ್ರಿ, ನೀವ ಮ್ಯಾನೇಜರ್ ಆದ್ರ ಏನ ಮಾಡ್ತೀರಿ?

ನೀಲಿಟೋಪಿ · 3 ಅಕ್ಟೋಬರ್

ಒಂದು ವಾರದಿಂದ ಇದೇ ಯೋಚನೆ. ಇವತ್ತು ಮನೆಯಲ್ಲಿ ಬೊಂಬೆ ಕೂರಿಸುವಾಗಲೂ ತಲೆಯಲ್ಲಿ ಇದೇ ಓಡುತ್ತಿತ್ತು.

ದಿನಗಳ ಲೆಕ್ಕ ಹೀಗಿದೆ. ಪಂದ್ಯಗಳು 5, 6, 8, 9, 11. ಮೊದಲನೆಯದಕ್ಕೆ ಯಮಮೊಟೊ. ಈ ಋತುವಿನಲ್ಲಿ 18 ಪಂದ್ಯ, 90 ಇನ್ನಿಂಗ್ಸ್, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಡುವ ಸರಾಸರಿ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) 3.00. ಸೆಪ್ಟೆಂಬರ್ 10ಕ್ಕೆ ಮರಳಿದಾಗ ನಾಲ್ಕು ಇನ್ನಿಂಗ್ಸ್‌ನಲ್ಲಿ ಎಂಟು ಸ್ಟ್ರೈಕ್‌ಔಟ್. ಭಯ ಒಂದೇ: ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇದೇ ಪ್ಯಾಡ್ರೆಸ್ ಅವನ ಒಂದು ಇನ್ನಿಂಗ್ಸ್‌ಗೆ ಐದು ರನ್ ಬಾರಿಸಿದ್ದರು. ಎರಡಕ್ಕೆ ಫ್ಲಾಹರ್ಟಿ. ಜುಲೈ 30ಕ್ಕೆ ಡೆಟ್ರಾಯ್ಟ್‌ನಿಂದ ತಂದಾಗ ಇವನೇ ಎರಡನೇ ಆಧಾರ ಆಗುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಮೂರಕ್ಕೆ ಬ್ಯೂಲರ್. ಎರಡನೇ ಟಾಮಿ ಜಾನ್ ಮುಗಿಸಿ ಬಂದ ವರ್ಷ, 1 ಗೆಲುವು 6 ಸೋಲು, 5.38. ಅಂಕಿ ನೋಡಿದರೆ ಕೊಡಬಾರದು. ಆದರೆ 2018ರ ವರ್ಲ್ಡ್ ಸೀರೀಸ್‌ನಲ್ಲಿ ಏಳು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದ ಅದೇ ಮನುಷ್ಯ, ದೊಡ್ಡ ವೇದಿಕೆಗೆ ಹೆದರುವವನಲ್ಲ. ಐದನೇ ಪಂದ್ಯ ಬಂದರೆ 11ಕ್ಕೆ ಯಮಮೊಟೊ ಐದು ದಿನ ವಿಶ್ರಾಂತಿ ಪಡೆದು ಸಿದ್ಧ.

ಉಳಿಯೋದು ನಾಲ್ಕನೆಯದು. ಲ್ಯಾಂಡನ್ ನ್ಯಾಕ್‌ಗೆ ಕೊಡಿ ಅನ್ನೋರಿದ್ದಾರೆ. 3.65, ಒಳ್ಳೆಯ ಹುಡುಗ, ಆದರೆ ಮೊದಲ ವರ್ಷ. ನಾನಾದರೆ ಸ್ಟಾರ್ಟರ್ ಅನ್ನೋ ಯೋಚನೆಯನ್ನೇ ಬಿಟ್ಟುಬಿಡ್ತೀನಿ. ಬ್ರೇಸಿಯರ್, ಬಾಂಡಾ, ಕೋಪೆಕ್, ವೆಸಿಯಾ, ಫಿಲಿಪ್ಸ್, ಹಡ್ಸನ್, ಟ್ರೈನೆನ್. ಒಬ್ಬೊಬ್ಬನಿಗೆ ಮೂರು, ನಾಲ್ಕು, ಐದು ಔಟ್. ಎದುರಾಳಿ ಬ್ಯಾಟರ್‌ಗಳು ಒಬ್ಬನನ್ನೇ ಎರಡು ಸಲ ನೋಡಬಾರದು. ಟ್ರೈನೆನ್ 1.93, ವೆಸಿಯಾ 1.76, ಕೋಪೆಕ್ ಇಲ್ಲಿಗೆ ಬಂದ ಮೇಲೆ 1.13. ನಮ್ಮ ಆಳ ಇರೋದು ಇಲ್ಲಿ. ಐದು ಸ್ಟಾರ್ಟರ್ ಇರಬೇಕು ಅಂತ ಹಳೇ ಲೆಕ್ಕ ಹಿಡಿದುಕೊಂಡು ಇಷ್ಟು ದಿನ ಬರೀ ಇಲ್ಲದವರ ಹೆಸರನ್ನೇ ಎಣಿಸುತ್ತಿದ್ದೆ. ಗೋದಾಮು ಖಾಲಿ ಅಂತ ಅತ್ತಿದ್ದೇನೆ, ಪಕ್ಕದ ಕೋಣೆ ತೆಗೆದೇ ನೋಡಿರಲಿಲ್ಲ.

ಹಡ್ಸನ್ ಬಗ್ಗೆ ಒಂದು ಮಾತು ಹೇಳಲೇಬೇಕು. 37 ವರ್ಷ. ಎರಡು ಸಲ ಟಾಮಿ ಜಾನ್, 2022ರಲ್ಲಿ ಒಂದು ಮಂಡಿ, 2023ರಲ್ಲಿ ಇನ್ನೊಂದು ಮಂಡಿ. ಆದರೂ ಈ ವರ್ಷ ಬುಲ್‌ಪೆನ್ (ಬದಲಿ ಪಿಚರ್‌ಗಳು ಕಾಯುವ ಜಾಗ) ಬಾಗಿಲು ತೆರೆದಾಗಲೆಲ್ಲ ಓಡಿಬಂದ. ಎಂಟನೇ ಇನ್ನಿಂಗ್ಸ್‌ನಲ್ಲಿ ಅವನು ಚೆಂಡು ಹಿಡಿದು ನಿಂತರೆ ನನಗೆ ಧೈರ್ಯ ಬರುತ್ತೆ.

ನಮ್ಮ ಮ್ಯಾನೇಜರ್ ಡೇವ್ ರಾಬರ್ಟ್ಸ್‌ಗೆ ನಾನು ಬೇಡಿಕೊಳ್ಳೋದು ಒಂದೇ. ಸ್ಟಾರ್ಟರ್ ಯಾರೇ ಇರಲಿ, ಒಂದು ಹೋಮ್ ರನ್, ಒಂದು ವಾಕ್ (ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಬಂದ ಕೂಡಲೇ ಬುಲ್‌ಪೆನ್‌ಗೆ ಫೋನ್ ಎತ್ತಿ. ಕಳೆದ ವರ್ಷ ಲಿನ್‌ನನ್ನು ನಾಲ್ಕನೇ ಹೋಮ್ ರನ್ ತನಕ ಬಿಟ್ಟ ಹಾಗೆ ಬಿಡಬೇಡಿ.

ಶುಭಾ_ಫಿಸಿಯೊ · 3 ಅಕ್ಟೋಬರ್

ಯೋಜನೆ ಚೆನ್ನಾಗಿದೆ. ಆದರೆ ಅದೇ ಏಳು ತೋಳು 5ಕ್ಕೂ 6ಕ್ಕೂ 8ಕ್ಕೂ ಬೇಕಲ್ಲ? ಮೊದಲ ಪಂದ್ಯದಲ್ಲಿ ಯಮಮೊಟೊ ಮೂರೇ ಇನ್ನಿಂಗ್ಸ್‌ಗೆ ನಿಂತರೆ 9ನೇ ತಾರೀಖಿನ ಹೊತ್ತಿಗೆ ಈ ತೋಳುಗಳಲ್ಲಿ ಏನು ಉಳಿದಿರುತ್ತೆ?

ನೀಲಿಟೋಪಿ · 3 ಅಕ್ಟೋಬರ್

ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ ಮೇಡಂ. 7ಕ್ಕೆ ಬಿಡುವಿದೆ, ಅದೊಂದೇ ಸಮಾಧಾನ. ಅದಕ್ಕೇ ಎರಡನೇ ದಿನ ಫ್ಲಾಹರ್ಟಿ ಆರು ಇನ್ನಿಂಗ್ಸ್ ಎಸೆಯಬೇಕು ಅಂತ ನಾನು ಹೇಳೋದು. ಇಡೀ ಸರಣಿಯ ಗಂಟು ಅವನ ಕೈಯಲ್ಲಿದೆ ಅನ್ನಿಸುತ್ತೆ.

ಚುಲಾವಿಸ್ತಾ_ಚೇತನ್ · 4 ಅಕ್ಟೋಬರ್

ಮಸ್‌ಗ್ರೋವ್ ಈ ಸರಣಿಗೆ ಇಲ್ಲ ಅಂತ ಖಚಿತವಾಯಿತು. ನಿಮ್ಮ ಹಾಗೇ ನಾವೂ ಈಗ ನಾಲ್ಕನೇ ಪಂದ್ಯದ ಚಿಂತೆಯಲ್ಲಿದ್ದೀವಿ. ಸೀಸ್, ದರ್ವಿಶ್, ಕಿಂಗ್, ಆಮೇಲೆ ಪ್ರಶ್ನಾರ್ಥಕ ಚಿಹ್ನೆ.

ಸರಸ್ವತಿಪುರಂ · 5 ಅಕ್ಟೋಬರ್

ನಮಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಪಂದ್ಯ. ಕಾಫಿ ಇಟ್ಟುಕೊಂಡು ಕೂತಿರ್ತೀನಿ. ಪಟ್ಟಿ ಬಂದ ಕೂಡಲೇ ಇಲ್ಲಿ ಹಾಕಿ.

ನೀಲಿಟೋಪಿ · 5 ಅಕ್ಟೋಬರ್

ಬಂತು ಸರ್. ಫ್ರೀಮನ್ ಹೆಸರಿದೆ! ನ್ಯಾಕ್ ಇದ್ದಾನೆ, ರೋಹಾಸ್ ಇದ್ದಾನೆ. ಕರ್ಶಾ ಇಲ್ಲ, ನಿರೀಕ್ಷಿಸಿದ್ದೇ ಆದರೂ ಓದಿದಾಗ ಒಂದು ಕ್ಷಣ ಸುಮ್ಮನಾದೆ.

5:38ಕ್ಕೆ ಮೊದಲ ಎಸೆತ. ಟ್ರಾಫಿಕ್ ಇರುತ್ತೆ, ಈಗಲೇ ಹೊರಟೆ. ಬೇಗ ಹೋದರೆ ಅಭ್ಯಾಸದ ಹೊತ್ತಿಗೆ ಒಳಗಿರಬಹುದು. ಫ್ರೀಮನ್ ಬಲಗಾಲೂರಿ ಹೇಗೆ ಓಡ್ತಾನೆ ಅಂತ ಕಣ್ಣಾರೆ ನೋಡಬೇಕು, ಶುಭಾ ಮೇಡಂಗೆ ಅಲ್ಲಿಂದಲೇ ಬರೀತೀನಿ.